ಬಸಿದ ನೀರು

ನಮ್ಮಕ್ಕ ವಿಜಯಮ್ಮ ಅಡುಗೆಮನೆಯಲ್ಲಿ ಏನನ್ನೂ ಚೆಲ್ಲಿದವಳಲ್ಲ. ಹೀರೆಕಾಯಿ ಸಿಪ್ಪೆ ಚಟ್ನಿಗಾಗಬೇಕು, ಕಲ್ಲಂಗಡಿಯ ಬಿಳಿ ತಿರುಳು ದೋಸೆಗಾಗಬೇಕು, ಅಕ್ಕಿ ತೊಳೆದ ನೀರು ತುಳಸಿ ಕುಂಡಕ್ಕೆ ಹೋಗಬೇಕು. ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅಷ್ಟು ವರ್ಷ ಸಂಸಾರ ಮಾಡಿದರೂ ಅವಳ ಅಡುಗೆಮನೆ ಮಾತ್ರ ತುಮಕೂರು ಬಿಟ್ಟು ಬಂದಿರಲಿಲ್ಲ. ಮದುವೆಯಾಗಿ ನಾನೂ ದೆಹಲಿಗೇ ಬಂದು ಕರೋಲ್ ಬಾಗಿನಲ್ಲಿ ಬಿದ್ದ ಮೇಲೆ, “ನಿನ್ನ ಮನೇಲಿ ಕಸದ ಡಬ್ಬಿ ಯಾಕಿಟ್ಟಿದ್ದೀಯೆ ಅಕ್ಕ, ಅದಕ್ಕೇನು ಕೆಲಸ?” ಎಂದು ರೇಗಿಸುತ್ತಿದ್ದೆ. ಅವಳು ನಗುತ್ತಿದ್ದಳು. ಆ ಗುಣವೇ ನಮ್ಮ ಭಾವನ ಪ್ರಾಣಕ್ಕೆ ಎರವಾಯಿತು ಎಂದು ಬರೆಯುವುದಕ್ಕೆ ಈಗಲೂ ಕೈ ಏಳುವುದಿಲ್ಲ.

ಭಾವ ದೇವೇಂದ್ರಪ್ಪ ಒಂದು ಮಿನಿಸ್ಟ್ರಿಯಲ್ಲಿ ಸೆಕ್ಷನ್ ಆಫೀಸರು. ಮಾತು ಕಡಿಮೆ, ಊಟದಲ್ಲಿ ಆಸೆ ಹೆಚ್ಚು. ಆಸೆಯಾದರೂ ಎಂಥದ್ದು? ದೆಹಲಿಯ ಪರಾಠವಲ್ಲ, ಚಾಟ್ ಅಲ್ಲ, ಬಿಸಿ ಮುದ್ದೆ ಮತ್ತು ಬಸ್ಸಾರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸೊಪ್ಪನ್ನು ಬೇಳೆಯ ಜೊತೆ ನೀರಿನಲ್ಲಿ ಬೇಯಿಸಿ ಬಸಿಯುತ್ತೇವೆ. ಬೆಂದ ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ಸಾರು. ಒಂದು ಕಟ್ಟು ಸೊಪ್ಪಿನಲ್ಲಿ ಎರಡು ಅಡುಗೆ. “ಸೊಪ್ಪಿನ ಸತ್ವವೆಲ್ಲ ಆ ನೀರಲ್ಲೇ ಇರೋದು ಕಣೇ” ಎಂದು ನಮ್ಮಮ್ಮ ಹೇಳುತ್ತಿದ್ದಳು. ಜ್ವರ ಬಿಟ್ಟು ಎದ್ದ ಮಕ್ಕಳಿಗೆ ಮೊದಲು ಕುಡಿಸುತ್ತಿದ್ದದ್ದು ಅದೇ ನೀರನ್ನು, ಒಂದಿಷ್ಟು ಉಪ್ಪು ಮೆಣಸು ಹಾಕಿ. ಅದನ್ನು ಚೆಲ್ಲುವ ಹೆಂಗಸನ್ನು ನಮ್ಮ ಕಡೆ ನಾನು ಕಂಡಿಲ್ಲ.

ಅಕ್ಕ ಭಾವನಿಗೆ ಒಬ್ಬಳೇ ಮಗಳು, ಹರಿಣಿ. ದೆಹಲಿಯಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮೂರು ಭಾಷೆಯ ಚಿತ್ರಾನ್ನ. ಮುದ್ದೆ ಕಂಡರೆ ಮುಖ ಸಿಂಡರಿಸುವಳು. ಅದಕ್ಕೆ ಅವಳು ಇಟ್ಟ ಹೆಸರು ‘ಗೋಲಾ’. ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ಸಂಸ್ಥೆ ನಮ್ಮ ಕರೋಲ್ ಬಾಗಿಗೆ ಹತ್ತಿರವಾದ್ದರಿಂದ ವಾರಕ್ಕೆ ಎರಡು ಮಧ್ಯಾಹ್ನ ನನ್ನ ಮನೆಗೆ ಊಟಕ್ಕೆ ಬರುವಳು. ನಾನು ಚಪಾತಿ ಲಟ್ಟಿಸುತ್ತಿದ್ದೆ, ಅವಳು ಅಡುಗೆಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತಿದ್ದಳು.

“ದಿನವಿಡೀ ಅಲ್ಲಿ ಮಾಡೋದಾದರೂ ಏನೇ ನೀನು?” ಎಂದು ಒಮ್ಮೆ ಕೇಳಿದೆ.

“ಚಿಕ್ಕಮ್ಮ, ಪಾಲಕ್ ಇದೆಯಲ್ಲ, ಅದರ ಒಂದೊಂದು ಸೆಲ್ ಒಳಗೂ ಚೀಲದ ಥರ ಒಂದು ದೊಡ್ಡ ಥೈಲಿ ಇರುತ್ತೆ. ವ್ಯಾಕ್ಯುಯೋಲ್. ಕನ್ನಡದಲ್ಲಿ ಏನಂತಾರೋ ಗೊತ್ತಿಲ್ಲ.”

“ರಸದಾನಿ,” ಎಂದೆ. ಮದುವೆಗೆ ಮುಂಚೆ ತುಮಕೂರಿನ ಶಾಲೆಯೊಂದರಲ್ಲಿ ಪಾಠ ಹೇಳಿದ್ದೆ. ಆ ಪದ ಎಲ್ಲೋ ಉಳಿದುಕೊಂಡಿತ್ತು.

“ವಾಹ್, ರಸದಾನಿ. ಅದರಲ್ಲಿ ಗಿಡ ಪೊಟ್ಯಾಸಿಯಂ ಸ್ಟೋರ್ ಮಾಡುತ್ತೆ. ಸೆಲ್ ಕೆಲಸ ಮಾಡೋ ಜಾಗ ಬೇರೆ ಇದೆ, ಅಲ್ಲಿ ಪೊಟ್ಯಾಸಿಯಂ ಯಾವಾಗಲೂ ಒಂದೇ ಲೆವೆಲ್‌ನಲ್ಲಿ ಇರಬೇಕು. ಮಣ್ಣಲ್ಲಿ ಜಾಸ್ತಿ ಸಿಕ್ಕಿದಾಗ ಥೈಲಿಗೆ ತುಂಬುತ್ತೆ. ಸಿಗದೇ ಇದ್ದಾಗ ಥೈಲಿಯ ಗೇಟ್ ತೆಗೆದು ಥೋಡಾ ಥೋಡಾ ಹೊರಗೆ ಬಿಡುತ್ತೆ. ಆ ಗೇಟ್ ಯಾವಾಗ ತೆಗೆಯುತ್ತೆ, ಹೇಗೆ ಗೊತ್ತಾಗುತ್ತೆ ಅದಕ್ಕೆ, ಬಸ್, ಅದೇ ನನ್ನ ಥೀಸಿಸ್.”

“ಅಂದರೆ ನಿಮ್ಮಮ್ಮನ ಹಾಗೆ. ಸಿಕ್ಕಾಗ ಡಬ್ಬಿಗೆ ತುಂಬೋದು, ತಿಂಗಳ ಕೊನೆಗೆ ತೆಗೆಯೋದು.”

“ಅದೇ. ನಮಗೆ ಕಿಡ್ನಿ ಇದೆ, ಜಾಸ್ತಿ ಆಗಿದ್ದನ್ನ ಹೊರಗೆ ಹಾಕುತ್ತೆ. ಗಿಡಕ್ಕೆ ಕಿಡ್ನಿ ಇಲ್ಲ, ಪಾಪ, ಒಳಗೇ ಇಟ್ಟುಕೊಳ್ಳಬೇಕು.”

ಒಳಗಿರುವುದನ್ನು ಅಳೆಯುವುದು ಹೇಗೆ ಎಂದು ಕೇಳಿದೆ. ಎಲೆಯನ್ನು ತುಂಡು ಮಾಡಿ ನೀರಿನಲ್ಲಿ ಕುದಿಸುತ್ತಾರಂತೆ. ಕುದಿಯುವಾಗ ರಸದಾನಿ ಒಡೆದು ಪೊಟ್ಯಾಸಿಯಂ ಬಹುಪಾಲು ನೀರಿಗೆ ಬಂದುಬಿಡುತ್ತದಂತೆ. ಆಮೇಲೆ ಎಲೆ ಬಿಸಾಕಿ ನೀರನ್ನು ಯಂತ್ರಕ್ಕೆ ಹಾಕುತ್ತಾರಂತೆ.

“ಸರಿ ಹೋಯಿತು. ನಿಮ್ಮ ಲ್ಯಾಬಿನಲ್ಲೂ ಬಸ್ಸಾರೇ ಅನ್ನು,” ಎಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಗ ಭಾವ ಗಟ್ಟಿಮುಟ್ಟಾಗಿದ್ದರು. ನಗುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಮಾರನೆಯ ವರ್ಷ, ಅಂದರೆ ಎರಡು ಸಾವಿರದ ಆರರ ಬೇಸಿಗೆಯಲ್ಲಿ, ಭಾವನ ಕಾಲು ಊದಿಕೊಂಡಿತು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಅದು ಕಿಡ್ನಿಯನ್ನು ತಿಂದಿತ್ತು. ಡಾಕ್ಟರು ಬಿಡಿಸಿ ಹೇಳಿದರು. ಪಥ್ಯ ಸರಿಯಾಗಿ ಮಾಡಿದರೆ ಡಯಾಲಿಸಿಸ್ ಇಲ್ಲದೆ ಇನ್ನೂ ಕೆಲವು ವರ್ಷ ತಳ್ಳಬಹುದು. ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಏರದ ಹಾಗೆ ನೋಡಿಕೊಳ್ಳಬೇಕು. ಅದು ಏರಿದರೆ ಮುನ್ಸೂಚನೆ ಕೊಡದೆ ಹೃದಯ ನಿಂತುಹೋಗಬಹುದು. ಅಂದಿನಿಂದ ಆ ಮನೆಯಲ್ಲಿ ಎಲ್ಲರ ಜೀವವೂ ಆ ಒಂದು ಅಂಕಿಯ ಮೇಲೆ ನೇತಾಡತೊಡಗಿತು. ಐದರ ಒಳಗಿದ್ದರೆ ಅಕ್ಕನ ಮುಖದಲ್ಲಿ ಕಳೆ, ಐದು ದಾಟಿದರೆ ಮನೆಯಲ್ಲಿ ಮಾತಿಲ್ಲ.

ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳಲು ಆಸ್ಪತ್ರೆಯಲ್ಲಿ ಬೇರೆಯೇ ಒಬ್ಬಾಕೆ ಇದ್ದರು, ಪಂಜಾಬಿನವರು. ಅಲ್ಲಿಗೆ ಹರಿಣಿಯೇ ಜೊತೆಯಲ್ಲಿ ಹೋಗಬೇಕೆಂದು ಮಾತಾಗಿತ್ತು. ಅಂದೇ ಅವಳ ಗಿಡಗಳನ್ನು ಕೀಳುವ ದಿನ. ಒಂದು ದಿನ ತಪ್ಪಿದರೆ ಇಡೀ ಪ್ರಯೋಗ ನೀರುಪಾಲಾಗುತ್ತದೆ ಎಂದಳು. ಗಂಡ ಹೆಂಡತಿ ಇಬ್ಬರೇ ಆಟೋ ಹಿಡಿದು ಹೋದರು.

ಆಕೆ ಒಳ್ಳೆಯವರೇ. ನಿಧಾನವಾಗಿ ಎಲ್ಲ ಹೇಳಿದರು. ಎಳನೀರು, ಬಾಳೆಹಣ್ಣು, ಟೊಮ್ಯಾಟೊ, ಮೂಸಂಬಿ ಇನ್ನು ಮೇಲೆ ಇಲ್ಲ. ಉಪ್ಪು, ಬೇಳೆ ಕಡಿಮೆ. ಯಾವ ತರಕಾರಿಯಾದರೂ ಸಣ್ಣಗೆ ಹೆಚ್ಚಿ, ತುಂಬ ನೀರಿನಲ್ಲಿ ಕುದಿಸಿ, ಬಸಿದು, ಆಮೇಲೆ ಒಗ್ಗರಣೆ ಹಾಕಬೇಕು. ಸೊಪ್ಪನ್ನೂ ಹಾಗೆಯೇ, ಅದೂ ಸ್ವಲ್ಪ. ಬಸಿದ ನೀರನ್ನು ಏನು ಮಾಡಬೇಕೆಂದು ಆಕೆ ಹೇಳಲಿಲ್ಲ. ಅವರ ಮನೆಯಲ್ಲಿ ಅದು ನೇರವಾಗಿ ಮೋರಿಗೆ ಹೋಗುತ್ತದೆ, ಹೇಳುವುದೇನಿದೆ? ಅಕ್ಕನೂ ಕೇಳಲಿಲ್ಲ. ಅವಳ ಮನೆಯಲ್ಲಿ ಅದು ನೇರವಾಗಿ ಸಾರಿಗೆ ಹೋಗುತ್ತದೆ, ಕೇಳುವುದೇನಿದೆ?

ಅಂದು ಸಂಜೆ ನನಗೆ ಫೋನ್ ಮಾಡಿದಾಗ ಅಕ್ಕನ ದನಿಯಲ್ಲಿ ಎಷ್ಟೋ ದಿನದ ಮೇಲೆ ಗೆಲುವಿತ್ತು. “ನಮ್ಮ ಅಡುಗೇನೇ ಹೇಳಿಬಿಟ್ಟರು ಕಣೇ ದೇವಕಿ. ಬೇಯಿಸಿ ಬಸಿಯೋದು ನನಗೇನು ಹೊಸದಾ? ನೀರು ಜಾಸ್ತಿ ಹಾಕಿ ಅಂದಿದ್ದಾರೆ, ಹಾಕಿದರಾಯಿತು.”

ಹರಿಣಿಯೂ ಮನೆಗೆ ಬಂದವಳೇ ಎಲ್ಲವನ್ನೂ ಕೇಳಿ ತಿಳಿದುಕೊಂಡಳಂತೆ. “ಕುದಿಸಿ ಡ್ರೇನ್ ಮಾಡೋದನ್ನ ಒಂದು ದಿನಾನೂ ಮಿಸ್ ಮಾಡಬೇಡಮ್ಮ, ಅದೇ ಮೇನ್. ನನ್ನ ಸಬ್ಜೆಕ್ಟೇ ಅದು,” ಎಂದಳಂತೆ. ಅಕ್ಕ ಒಂದು ದಿನವೂ ತಪ್ಪಿಸಲಿಲ್ಲ. ಅವಳ ಶ್ರದ್ಧೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೀನ್ಸು, ಕ್ಯಾರೆಟ್ಟು, ಆಲೂಗಡ್ಡೆ, ತರಕಾರಿ ಗಾಡಿಯ ಭಯ್ಯಾ ತಂದುಕೊಡುತ್ತಿದ್ದ ಚೌಲಾಯಿ ಎಂಬ ದಂಟಿನ ಸೊಪ್ಪು, ಎಲ್ಲವನ್ನೂ ಹೆಚ್ಚಿ ಕುದಿಸಿ ಬಸಿಯುವಳು. ಅಷ್ಟೂ ನೀರನ್ನು ಒಂದೇ ಪಾತ್ರೆಗೆ ಸೇರಿಸಿ, ಬೇಳೆಯಿಲ್ಲದೆ, ಉಪ್ಪು ಹುಳಿ ಕಡಿಮೆ ಮಾಡಿ ಸಾರು ಕಾಯಿಸುವಳು. ಪಲ್ಯ ಸ್ವಲ್ಪ ಬಡಿಸಿ ಎಂದಿದ್ದರು, ಸ್ವಲ್ಪವೇ ಬಡಿಸಿದಳು. ಸಾರಿನ ವಿಷಯ ಯಾರೂ ಏನೂ ಅಂದಿರಲಿಲ್ಲ. ಹಣ್ಣಿಲ್ಲ, ಬೇಳೆಯಿಲ್ಲ, ಗಂಡನ ಕೆನ್ನೆ ಒಳಗೆ ಹೋಗುತ್ತಿದೆ, ಸತ್ವವಾದರೂ ಸೇರಲಿ ಎಂದು ಬಟ್ಟಲ ತುಂಬ ಹಾಕುವಳು. ಸಾಕು ಎಂದರೆ ಇನ್ನೊಂದು ಸೌಟು. ನಾನೂ ಅಲ್ಲಿ ಉಂಡಿದ್ದೇನೆ. ಸಪ್ಪೆಯಾದರೂ ರುಚಿಯಾಗಿದೆ ಎಂದು ಹೊಗಳಿದ್ದೇನೆ.

ಹರಿಣಿ ಆ ಸಾರನ್ನು ನೋಡಲೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಅವಳು ಬೆಳಿಗ್ಗೆ ಬ್ರೆಡ್ ಕಚ್ಚಿಕೊಂಡು ಹೋದರೆ ಬರುವಾಗ ಕತ್ತಲಾಗುತ್ತಿತ್ತು. ಬಂದವಳು ನೂಡಲ್ಸೋ ರೊಟ್ಟಿಯೋ ತಟ್ಟೆಗೆ ಹಾಕಿಕೊಂಡು ತನ್ನ ಕೋಣೆಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಅಪ್ಪನ ತಟ್ಟೆಯಲ್ಲಿ ಏನಿದೆ ಎಂದು ಇಣುಕಿದ್ದರೂ ಅವಳ ಕಣ್ಣಿಗೆ ಅದು ಅಮ್ಮನ ಊರಿನ ಅಡುಗೆ, ಅಷ್ಟೆ. ಅದು ಯಾವ ನೀರಿನಿಂದ ಆಗುತ್ತದೆ ಎಂದು ಅವಳು ಎಂದೂ ನಿಂತು ನೋಡಿರಲಿಲ್ಲ. ನಾನು ಬಸ್ಸಾರು ಎಂದು ತಮಾಷೆ ಮಾಡಿದಾಗ ನಕ್ಕಿದ್ದೂ ನನ್ನ ನಗು ನೋಡಿ ಎಂದು ಆಮೇಲೆ ಹೇಳಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅಂಕಿ ಐದು ದಾಟಿತು. ಡಾಕ್ಟರು ಅಕ್ಕನನ್ನು ಕೇಳಿದರು, ಕುದಿಸಿ ಬಸಿಯುತ್ತಿದ್ದೀರಾ ಎಂದು. ಜೀ ಎಂದಳು. ಎಳನೀರು ಕೊಡುತ್ತಿಲ್ಲ ತಾನೆ? ಇಲ್ಲ ಜೀ. ಎರಡೂ ನಿಜ. ಅವರು ಏನೋ ಪುಡಿ ಬರೆದುಕೊಟ್ಟರು. ಸ್ವಲ್ಪ ಇಳಿದು ಮತ್ತೆ ಏರಿತು. ದೀಪಾವಳಿಯ ಹೊತ್ತಿಗೆ ಆರರ ಹತ್ತಿರ.

ಆಗ ಹರಿಣಿ ತನ್ನ ಬುದ್ಧಿ ಓಡಿಸಿದಳು. ಅಮ್ಮ ಹೇಳಿದ್ದನ್ನು ಹೇಳಿದಂತೆ ಮಾಡುತ್ತಿದ್ದಾಳೆ. ಆದರೂ ಅಂಕಿ ಏರುತ್ತಿದೆ. ಹಾಗಾದರೆ ಅಪ್ಪ ಹೊರಗೆ ತಿನ್ನುತ್ತಿದ್ದಾರೆ. ಲೆಕ್ಕ ನೋಡಿದರೆ ಸರಿಯಾಗಿಯೇ ಇದೆ. ಅವಳು ಅಪ್ಪನ ಆಫೀಸ್ ಚೀಲ ಹುಡುಕಿದಳು, ಕೋಟಿನ ಜೇಬು ಹುಡುಕಿದಳು. ಏನೂ ಸಿಗಲಿಲ್ಲ. ಕೊನೆಗೆ ಭಾವನ ಪಕ್ಕದ ಮೇಜಿನ ಚಿದಂಬರ ಅವರಿಗೆ ಫೋನ್ ಮಾಡಿದಳು. ಅವರು ಧಾರವಾಡದವರು, ಇದೇ ಕಾಲೋನಿಯಲ್ಲಿ ಎರಡು ಗಲ್ಲಿ ಆಚೆ ಇದ್ದರು. “ಯಾರೋ ಕಿತ್ತಳೆಹಣ್ಣು ಸುಲಿದು ಕೊಟ್ಟಾಗ ಒಂದು ತೊಳೆ ತಗೊಂಡಿದ್ದರು ನೋಡ್ರಿ,” ಎಂದರಂತೆ. ಅಷ್ಟು ಸಾಕಾಯಿತು ಅವಳಿಗೆ.

ಮರು ಭಾನುವಾರ ನಾನು ಅಲ್ಲೇ ಇದ್ದೆ. ಭಾವ ಊಟಕ್ಕೆ ಕೂತಿದ್ದರು. ಹರಿಣಿ ಕೋಣೆಯಿಂದ ಬಂದು ಎದುರಿಗೆ ನಿಂತಳು.

“ಅಪ್ಪ, ಸಚ್ ಬತಾಯಿಯೇ, ನಿಜ ಹೇಳಿ. ಹೊರಗೆ ಏನು ತಿಂತಾ ಇದ್ದೀರಿ?”

“ಏನೂ ತಿಂತಿಲ್ಲಮ್ಮ.”

“ಚಿದಂಬರ ಅಂಕಲ್ ಹೇಳಿದರು.”

“ಒಂದು ದಿನ ಒಂದು ತೊಳೆ ತಿಂದೆ. ಬೇರೆ ಏನೂ ಇಲ್ಲ.”

“ಒಂದು ತೊಳೆಗೆ ನಂಬರ್ ಹೀಗೆ ಏರಲ್ಲ ಅಪ್ಪ. ನಂಬರ್ ಸುಳ್ಳು ಹೇಳಲ್ಲ. ಮನುಷ್ಯರು ಹೇಳ್ತಾರೆ.”

ನನಗೆ ಕಪಾಳಕ್ಕೆ ಒಂದು ಕೊಡಬೇಕೆನ್ನಿಸಿತು. ಆದರೆ ಅವಳ ಕಣ್ಣಲ್ಲಿ ನೀರಿತ್ತು. ಸಿಟ್ಟಲ್ಲ ಅದು, ಹೆದರಿಕೆ. ಭಾವ ಮಗಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಮತ್ತೆ ತಟ್ಟೆಯ ಕಡೆ ಬಗ್ಗಿದರು. ಅಕ್ಕ ಅವರ ಬಟ್ಟಲಿಗೆ ಸಾರು ಹಾಕಿದಳು. ಅವಳಿಗೂ ಒಳಗೊಳಗೆ ಅನುಮಾನ ಬಂದಿತ್ತು. ನಿಜ ಹೇಳಬೇಕೆಂದರೆ ನಮಗೆಲ್ಲ ಬಂದಿತ್ತು, ಊಟದ ಆಸೆಯ ಮನುಷ್ಯ ತಾನೆ ಎಂದು.

ಆಮೇಲೆ ಅಪ್ಪ ಮಗಳ ನಡುವೆ ಮಾತು ಅಷ್ಟಕ್ಕಷ್ಟೆ ಆಯಿತು. ಆಫೀಸಿನಲ್ಲೂ ಸುದ್ದಿ ಹಬ್ಬಿತ್ತು. ದೇವೇಂದ್ರಪ್ಪನವರು ಮನೆಯವರ ಕಣ್ಣು ತಪ್ಪಿಸಿ ತಿನ್ನುತ್ತಾರಂತೆ ಎಂದು ನಗುತ್ತಿದ್ದರಂತೆ. ಭಾವ ಅಲ್ಲಿ ಚಹಾ ಕುಡಿಯುವುದನ್ನೂ ಬಿಟ್ಟರು. ಊಟದ ಹೊತ್ತಿಗೆ ಎಲ್ಲರಿಂದ ದೂರ ಹೋಗಿ ಹುಲ್ಲುಹಾಸಿನ ಮೇಲೆ ಒಬ್ಬರೇ ಕೂತು ಅಕ್ಕ ಕಟ್ಟಿಕೊಟ್ಟ ಡಬ್ಬಿ ತೆರೆಯುತ್ತಿದ್ದರಂತೆ. ಡಬ್ಬಿಯಲ್ಲಿ ಅನ್ನ, ಬಸಿದ ಪಲ್ಯ, ಸಾರು. “ನನ್ನ ಮಗಳ ಕಣ್ಣಿಗೆ ನಾನು ಕಳ್ಳನಾದೆನಲ್ಲೇ” ಎಂದು ಅಕ್ಕನ ಹತ್ತಿರ ಒಮ್ಮೆ ಅಂದರಂತೆ. ಅಕ್ಕ ಸಮಾಧಾನ ಮಾಡಿದ್ದು ಹೇಗೆ ಎಂದು ಬೇರೆ ಹೇಳಬೇಕಾಗಿಲ್ಲ. ಅವಳಿಗೆ ಗೊತ್ತಿದ್ದ ಸಮಾಧಾನ ಬಡಿಸುವುದೊಂದೇ.

ಜನವರಿಯ ಒಂದು ಬೆಳಿಗ್ಗೆ, ಕಿಟಕಿಯಾಚೆಯ ಬೇವಿನ ಮರ ಕಾಣದಷ್ಟು ಮಂಜು ಕವಿದಿದ್ದಾಗ, ಭಾವ ಆಫೀಸಿಗೆ ಹೊರಡಲು ಮಫ್ಲರ್ ಸುತ್ತಿಕೊಳ್ಳುತ್ತಿದ್ದವರು ಮಂಚದ ಮೇಲೆ ಕೂತರು. ಕಾಲಲ್ಲಿ ಬಲವೇ ಇಲ್ಲ ಎಂದರು. ಅಕ್ಕ ಟ್ಯಾಕ್ಸಿಗೆ ಓಡಿದಳು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹೃದಯ ನಿಂತಿತ್ತು. ಪೊಟ್ಯಾಸಿಯಂ ಎಂದರು ಡಾಕ್ಟರು. ಸಂಸ್ಥೆಯಿಂದ ಓಡಿಬಂದ ಹರಿಣಿ ವರಾಂಡದಲ್ಲಿ ಗೋಡೆಗೆ ಹಣೆಯಿಟ್ಟು, “ಹೇಳಿದ್ದೆ ನಾನು, ಎಷ್ಟು ಸಲ ಹೇಳಿದ್ದೆ ಅಪ್ಪನಿಗೆ” ಎಂದು ಅಳುತ್ತಿದ್ದಳು. ಸತ್ತ ಅಪ್ಪನ ಮೇಲೆ ಅವಳಿಗೆ ಸಿಟ್ಟಿತ್ತು. ಆ ಸಿಟ್ಟನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಹನ್ನೊಂದನೆಯ ದಿನ ತಿಥಿ. ಸತ್ತವರಿಗೆ ಇಷ್ಟವಾದುದನ್ನು ಮಾಡಿ ಎಡೆ ಇಡುವುದು ನಮ್ಮಲ್ಲಿ ಪದ್ಧತಿ. ಇನ್ನೇನು ಮಾಡುವುದು, ಮುದ್ದೆ ಬಸ್ಸಾರು. ಊರಿಂದ ಬಂದ ಹೆಂಗಸರು ಹೊರಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಹರಿಣಿ ಎಂದೂ ಇಲ್ಲದ್ದು ಅಮ್ಮನ ಪಕ್ಕ ಒಲೆಯ ಮುಂದೆ ನಿಂತಿದ್ದಳು. ಸೊಪ್ಪು ಬೆಂದಿತು. ಅಕ್ಕ ಜಾಲರಿಯ ತಟ್ಟೆಗೆ ಸುರಿದು ಬಸಿದಳು. ಹರಿಣಿ ಸಹಾಯ ಮಾಡುವವಳಂತೆ ಕೆಳಗಿನ ಹಸಿರು ನೀರಿನ ಪಾತ್ರೆಯನ್ನೆತ್ತಿ ಸಿಂಕಿನ ಕಡೆ ತಿರುಗಿದಳು.

ಅಕ್ಕ ಅವಳ ಮಣಿಕಟ್ಟು ಹಿಡಿದಳು. “ಅಯ್ಯೋ, ಅದನ್ನೆಲ್ಲಿಗೆ ತಗೊಂಡು ಹೋಗ್ತೀಯೆ? ಸಾರಿಗೆ ಬೇಡವಾ?”

“ಯಾವ ಸಾರಿಗೆ?”

“ನಿಮ್ಮಪ್ಪನ ಸಾರಿಗೆ. ದಿನಾ ಇನ್ಯಾವುದರಲ್ಲಿ ಮಾಡ್ತಿದ್ದೆ? ತರಕಾರಿ ಬಸಿದಿದ್ದನ್ನೂ ಇದಕ್ಕೇ ಸೇರಿಸ್ತಿದ್ದೆ. ಪಾಪ, ಇನ್ನೇನು ಸತ್ವ ಹೋಗ್ತಿತ್ತು ಅವರ ಹೊಟ್ಟೆಗೆ?”

ಹರಿಣಿ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟಳು. ಅವಳು ಬಾಲ್ಕನಿಗೆ ಹೋದಳು, ನಾನು ಹಿಂದೆಯೇ ಹೋದೆ.

“ಚಿಕ್ಕಮ್ಮ, ಅಪ್ಪ ಸುಳ್ಳು ಹೇಳಿರಲಿಲ್ಲ,” ಎಂದಳು.

ಮೊದಲು ಅವಳ ಬಾಯಿಂದ ಬಂದದ್ದು ಅದು. ಆಮೇಲೆ ಉಳಿದದ್ದನ್ನು ಹೇಳಿದಳು, ನನಗೆ ಅರ್ಧಕ್ಕೇ ಅರ್ಥವಾಯಿತು. ಲ್ಯಾಬಿನ ಬಸ್ಸಾರೆಂದು ನಾನೇ ನಕ್ಕಿದ್ದು ಅಲ್ಲಿಯವರೆಗೆ ನೆನಪಿಗೇ ಬಂದಿರಲಿಲ್ಲ. ಯಾವುದನ್ನು ತೆಗೆಯಲೆಂದು ಕುದಿಸಿದ್ದೋ ಅದನ್ನೇ ಒಟ್ಟುಮಾಡಿ ಬಟ್ಟಲಲ್ಲಿ ಕೊಟ್ಟಂತಾಗಿತ್ತು. ತಾಯಿಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು, ಎಲೆಯೊಳಗಿದ್ದದ್ದು ನೀರಿಗೆ ಬರುತ್ತದೆ ಎಂದು. ತಾಯಿ ಅದನ್ನು ಸತ್ವ ಎಂದಳು, ಮಗಳು ಪೊಟ್ಯಾಸಿಯಂ ಎಂದಳು. ಒಂದೇ ಸೂರಿನ ಕೆಳಗಿದ್ದು, ಒಂದು ದಿನ ಒಲೆಯ ಮುಂದೆ ನಿಂತು ಇಬ್ಬರೂ ಅದನ್ನು ಮಾತಾಡಿಕೊಳ್ಳಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ಬಲ್ಲವರು ಇಬ್ಬಿಬ್ಬರಿದ್ದ ಮನೆ ಅದು.

“ಅಮ್ಮನಿಗೆ ಗೊತ್ತಾಗಬಾರದು ಚಿಕ್ಕಮ್ಮ. ಅವಳು ಬದುಕಲ್ಲ,” ಎಂದಳು ಹರಿಣಿ. ನಾನು ಆಗಲಿ ಎಂದೆ. ಇನ್ನೇನು ಅನ್ನಬಹುದಿತ್ತು? ಎಡೆ ಮುಗಿದ ಮೇಲೆ ಅವಳು ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಮುದ್ದೆ ಮುರಿದು ಆ ಸಾರಿನಲ್ಲಿ ಅದ್ದಿ ತಿಂದಳು. ಅಗಿಯಬಾರದು, ನುಂಗಬೇಕು ಎಂದು ಊರಿನ ಹೆಂಗಸರು ಹೇಳಿಕೊಟ್ಟರು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ನಿಮ್ಮಪ್ಪ ಇದ್ದಾಗ ಒಂದು ದಿನ ಹೀಗೆ ಜೊತೇಲಿ ಕೂತಿದ್ದರೆ ಎಷ್ಟು ಖುಷಿ ಪಡ್ತಿದ್ದರು” ಎಂದಳು. ಪಾಪ, ಅವಳು ಬೇರೆ ಯಾವ ಅರ್ಥದಲ್ಲೂ ಹೇಳಿರಲಿಲ್ಲ. ಹರಿಣಿ ತಲೆ ಎತ್ತಲಿಲ್ಲ.

ಗುಟ್ಟು ಹಾಗೆಯೇ ಉಳಿಯುತ್ತಿತ್ತೋ ಏನೋ. ಅಕ್ಕ ಒಲೆ ಹಚ್ಚುವುದನ್ನೇ ಮರೆತವಳಂತೆ ಕೂತಿರುತ್ತಿದ್ದಳು. ಹರಿಣಿಯೇ ರೊಟ್ಟಿ ಮಾಡಿ ಬಾಯಿಗಿಡಬೇಕು. “ನಾನೇನು ಕಮ್ಮಿ ಮಾಡಿದೆ ಹೇಳೇ” ಎಂದು ನನ್ನನ್ನು ಕೇಳುವಳು. “ಏನೂ ಕಮ್ಮಿ ಮಾಡಲಿಲ್ಲ” ಎನ್ನುತ್ತಿದ್ದೆ. ಅದು ನಿಜವೂ ಆಗಿತ್ತು, ಅದೇ ಅದರ ಕಷ್ಟ.

ಹೋಳಿ ಕಳೆದ ಮೇಲೆ ಒಂದು ಸಂಜೆ ನಾನು ಹೋದಾಗ ಅಡುಗೆಮನೆಯಿಂದ ಒಗ್ಗರಣೆ ವಾಸನೆ ಬಂತು. ಅಕ್ಕ ತಲೆ ಬಾಚಿಕೊಂಡಿದ್ದಳು, ಒಗೆದ ಸೀರೆ ಉಟ್ಟಿದ್ದಳು. ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಅದೇ ಹೊತ್ತಿಗೆ ಹರಿಣಿಯೂ ಸಂಸ್ಥೆಯಿಂದ ಬಂದಳು. ಅಕ್ಕ ಇಬ್ಬರಿಗೂ ಚಹಾ ಕೊಟ್ಟು ತಾನೂ ಕೂತಳು.

“ಚಿದಂಬರ ಅವರಿಗೂ ಕಿಡ್ನಿ ತೊಂದರೆಯಂತೆ ಕಣೇ. ಪೊಟ್ಯಾಸಿಯಂ ಜಾಸ್ತಿಯಂತೆ. ಅವರ ಹೆಂಡತಿ ಗಿರಿಜಮ್ಮ ಮಧ್ಯಾಹ್ನ ಬಂದು ಒಂದೇ ಸಮ ಅತ್ತಳು. ಅವಳಿಗೆ ಏನೂ ತಿಳಿಯದು ಪಾಪ. ಬಸಿಯೋದು ಹೇಗೆ, ನೀರಲ್ಲಿ ಸಾರು ಕಾಯಿಸೋದು ಹೇಗೆ, ಎಲ್ಲ ಹೇಳಿಕೊಟ್ಟೆ. ಇವತ್ತಿನ ಊಟಕ್ಕೆ ನಾನೇ ಮಾಡಿ ಕ್ಯಾರಿಯರಲ್ಲಿ ಕಳಿಸಿದೀನಿ. ನಮ್ಮನೇಲಿ ಆಗಿದ್ದು ಅವರ ಮನೇಲಿ ಆಗಬಾರದು. ನಾನಿರೋವರೆಗೂ ದಿನಾ ಕಳಿಸ್ತೀನಿ ಅಂದಿದೀನಿ.”

ಹರಿಣಿ ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಅವಳು ಏನೋ ನೆಪ ಹೇಳಿ ಎರಡು ಗಲ್ಲಿ ದಾಟಿ ಓಡಿ ಗಿರಿಜಮ್ಮನಿಗೆ ಮಾತ್ರ ತಿಳಿಸಿ ಬರಬಹುದಿತ್ತು. ಆದರೆ ನಾಳೆ ಅಕ್ಕ ಮತ್ತೆ ಕಳಿಸುತ್ತಾಳೆ. ನಾಳಿದ್ದು ಇನ್ನೊಬ್ಬರಿಗೆ ಹೇಳಿಕೊಡುತ್ತಾಳೆ. ಅಕ್ಕನನ್ನು ಎಬ್ಬಿಸಿ ಕೂರಿಸಿದ್ದೇ ಈ ಕೆಲಸ.

ಹರಿಣಿ ಕುರ್ಚಿ ಬಿಟ್ಟಿಳಿದು ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತಳು. ಹಿಂದಿ ಬೆರೆಸದೆ, ಇಂಗ್ಲಿಷ್ ಬೆರೆಸದೆ, ತಡವರಿಸಿ ತಡವರಿಸಿ ಹೇಳಿದಳು. ಆ ಮಾತುಗಳನ್ನು ಎಷ್ಟು ದಿನದಿಂದ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದಳೋ.

“ಅಮ್ಮ, ಸೊಪ್ಪಿನ ಒಳಗೆ ಸಣ್ಣ ಸಣ್ಣ ಚೀಲ ಇರುತ್ತೆ. ರಸದಾನಿ ಅಂತಾರೆ. ಅಪ್ಪನಿಗೆ ಆಗದೇ ಇರೋದು ಅದರೊಳಗೆ ಇರುತ್ತೆ. ಕುದಿಸಿದರೆ ಚೀಲ ಒಡೆದು ಅದೆಲ್ಲ ನೀರಿಗೆ ಬರುತ್ತೆ. ಅದಕ್ಕೇ ಬಸಿಯಿರಿ ಅಂದಿದ್ದು. ಆ ನೀರನ್ನ ಕೊಡಬಾರದಿತ್ತು.”

ಅಕ್ಕ ಚಹಾದ ಲೋಟ ಪಕ್ಕಕ್ಕಿಟ್ಟಳು.

“ಚೆಲ್ಲಬೇಕಿತ್ತಾ?”

“ಹೌದಮ್ಮ.”

“ಅಷ್ಟೂ?”

“ಅಷ್ಟೂ.”

“ಸಾಕು ಸಾಕು ಅನ್ನೋರು. ನಾನೇ ಬಿಡ್ತಿರಲಿಲ್ಲ,” ಎಂದಳು ಅಕ್ಕ. ದನಿ ಏರಲಿಲ್ಲ, ಕಣ್ಣಲ್ಲಿ ನೀರೂ ಇರಲಿಲ್ಲ. ಅದನ್ನು ನೋಡಿ ನನಗೆ ಇನ್ನೂ ಭಯವಾಯಿತು.

“ತಪ್ಪು ನಿನ್ನದಲ್ಲಮ್ಮ. ನನಗೆ ಗೊತ್ತಿತ್ತು. ನಾನು ಒಂದು ದಿನ ಬಂದು ನೋಡಲಿಲ್ಲ. ಅಪ್ಪನ್ನ ಸುಳ್ಳುಗಾರ ಅಂದೆ.” ಹರಿಣಿ ಅಮ್ಮನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿದಳು. ಅಕ್ಕ ಅವಳ ತಲೆಯ ಮೇಲೆ ಕೈಯಿಟ್ಟಳು. ಸಮಾಧಾನ ಮಾಡಲೋ, ಪಕ್ಕಕ್ಕೆ ಸರಿಸಲೋ ಗೊತ್ತಾಗಲಿಲ್ಲ. ಆಮೇಲೆ ಮೆಲ್ಲಗೆ ಎದ್ದು ಫೋನಿನ ಹತ್ತಿರ ಹೋದಳು. ನಾನು ಮಾಡುತ್ತೇನೆ ಬಿಡು ಎಂದೆ. ಬೇಡ ಎಂದು ಕೈಯಾಡಿಸಿದಳು.

“ಗಿರಿಜಮ್ಮ, ಊಟ ಆಯಿತಾ ಅವರದು? ಇನ್ನೂ ಇಲ್ಲವಾ? ಹಾಗಾದರೆ ಆ ಸಾರು ಬಡಿಸಬೇಡಿ, ಚೆಲ್ಲಿಬಿಡಿ. ಹಳಸಿಲ್ಲ, ಚೆನ್ನಾಗೇ ಇದೆ. ಅವರಿಗೆ ಆಗದ್ದೆಲ್ಲ ಆ ನೀರಲ್ಲೇ ಇರೋದಂತೆ. ಪಲ್ಯ ತಿನ್ನಲಿ, ಬಸಿದ ನೀರು ಮಾತ್ರ ಇನ್ನು ಮೇಲೆ ಬೇಡ. ಹೌದು, ನಾನೇ ಹೇಳಿಕೊಟ್ಟಿದ್ದೆ. ನಮ್ಮವರಿಗೂ ಅದನ್ನೇ ಕೊಟ್ಟೆ.”

ಆ ಕಡೆಯಿಂದ ಗಿರಿಜಮ್ಮ ಏನು ಅಂದರೋ ನನಗೆ ಕೇಳಲಿಲ್ಲ. ಅಕ್ಕ ಕೇಳಿಸಿಕೊಂಡಳು. ಹೂಂ ಎಂದಳು. ಗೋಡೆಗೆ ಒಂದು ಕೈ ಊರಿದಳು.

“ಇನ್ನೊಂದು ಮಾತು ಗಿರಿಜಮ್ಮ. ನಿಮ್ಮ ಯಜಮಾನರಿಗೆ ಹೇಳಿ, ಆಫೀಸಲ್ಲಿ ಎಲ್ಲರಿಗೂ ತಿಳಿಸಲಿ. ನಮ್ಮವರು ಕದ್ದು ಏನೂ ತಿನ್ನಲಿಲ್ಲ. ನಾನು ಬಡಿಸಿದ್ದನ್ನೇ ತಿಂದರು.”